ಪಾರ್ಕಿನ ದಾರಿಗೆ ಎಷ್ಟು ಮಣ್ಣು

ಹೊಸಮನೆ ಬಡಾವಣೆಯ ಪಾರ್ಕಿನೊಳಗೆ ಸುತ್ತಲೂ ನಡೆದಾಡುವ ದಾರಿ ಮಾಡಿಸಬೇಕೆಂದು ನಿವಾಸಿಗಳ ಸಂಘದವರು ತೀರ್ಮಾನಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಶ್ರೀಗೌರಿ. ಭದ್ರಾವತಿಯಿಂದ ಸ್ಕೂಟರಿನಲ್ಲಿ ಬರುವಾಗ ಆದ ಅಪಘಾತದಲ್ಲಿ ಅವಳ ಕಾಲುಗಳ ಸ್ವಾಧೀನ ಹೋಗಿತ್ತು. ಅಲ್ಲಿಂದೀಚೆಗೆ ವೀಲ್‌ಚೇರಿನಲ್ಲೇ ಓಡಾಟ. ಪಾರ್ಕು ಮನೆಯೆದುರಿಗೇ ಇದ್ದರೂ ಗೇಟಿನಾಚೆಯ ಗುಂಡಿ ದಿಣ್ಣೆ ದಾಟಿ ಒಳಗೆ ಹೋಗಲು ಆಗಿರಲಿಲ್ಲ.

ಸಂಘದ ಅಧ್ಯಕ್ಷ ಜಯಕುಮಾರ್ ಸಭೆಯಲ್ಲಿ ಅಳತೆ ಓದಿದರು. ಸುತ್ತಳತೆ ಇನ್ನೂರ ನಲವತ್ತು ಅಡಿ, ಅಗಲ ಐದು. ಮೂರಿಂಚು ದಪ್ಪಕ್ಕೆ ಉರುಟಾದ ಬಿಳಿ ಕಲ್ಲು ಸುರಿದರೆ ಮುನ್ನೂರು ಘನ ಅಡಿ, ಅಂದರೆ ಮೂರು ಯೂನಿಟ್ ಸಾಕು.

"ಕಲ್ಲಿನ ಮೇಲೆ ನನ್ನ ಚೇರ್ ಹೋಗಲ್ಲ ಸಾರ್," ಎಂದಳು ಶ್ರೀಗೌರಿ. "ಗಾಲಿ ಹೂತ್ಕೊಳ್ಳುತ್ತೆ. ಕೆಂಪು ಗ್ರಾವೆಲ್ ಮಣ್ಣು ಹಾಕಿ ರೋಲರ್ ಹೊಡೆಸಿ. ನಾಲ್ಕಿಂಚಿಗೆ ನಾಲ್ಕು ಯೂನಿಟ್ ಆಗುತ್ತೆ."

"ಮಳೆ ಹಿಡಿದ್ರೆ ಕೆಸರಾಗುತ್ತಮ್ಮ."

"ಮಧ್ಯೆ ಸ್ವಲ್ಪ ಉಬ್ಬಿಸಿದ್ರೆ ನೀರು ಎರಡೂ ಕಡೆ ಇಳಿದು ಹೋಗುತ್ತೆ."

ಜಯಕುಮಾರ್ ಕೆಟ್ಟವರೇನಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವರು. "ನೀನು ನಮ್ಮನೆ ಮಗಳಿದ್ದ ಹಾಗೆ," ಎಂದರು ನಗುತ್ತಾ. "ಪಾರ್ಕಿಗೆ ಬರಬೇಕು ಅನ್ನಿಸಿದಾಗ ಒಂದು ಫೋನ್ ಮಾಡು. ನಾವೇ ಎತ್ಕೊಂಡು ಬಂದು ಕೂರಿಸ್ತೀವಿ."

ಸುತ್ತಲಿದ್ದವರು ಹೌದೆಂಬಂತೆ ತಲೆಯಾಡಿಸಿದರು. ಆ ಮಾತಿಗೆ ಅವಳಿಗೆ ಬಂದಷ್ಟು ಸಿಟ್ಟು, ಬೈದಿದ್ದರೂ ಬರುತ್ತಿರಲಿಲ್ಲ.

ಮುಂದಿನ ವಾರ ಕಲ್ಲು ಬಂದೇಬಿಟ್ಟಿತು. ಮೊದಲ ಲೋಡನ್ನು ಆಳುಗಳು ಗೇಟಿನಿಂದ ಹಿಡಿದು ಹರಡುತ್ತಾ ಹೋದರು. ಎರಡನೆಯ ಲೋಡ್ ಬರುವ ಹೊತ್ತಿಗೆ ಶ್ರೀಗೌರಿ ಮನೆಯಿಂದ ಹೊರಟು, ರಸ್ತೆ ದಾಟಿ, ತೆರೆದಿದ್ದ ಗೇಟಿನೊಳಗೆ ಚೇರು ನುಗ್ಗಿಸಿದಳು. ಒಂದೆರಡು ಮಾರು ಹೋಗುವಷ್ಟರಲ್ಲಿ ಗಾಲಿಗಳು ಕಲ್ಲಿನಲ್ಲಿ ಹೂತು ನಿಂತವು. ತೋಳು ಸೋಲುವವರೆಗೆ ತಳ್ಳಿದಳು. ಚೇರು ಮಿಸುಕಲಿಲ್ಲ.

ಟಿಪ್ಪರ್ ಚಾಲಕ ಸುಬ್ಬಪ್ಪ ಹಾರ್ನ್ ಹೊಡೆದ. ಜಯಕುಮಾರ್ ಓಡಿ ಬಂದು ಚೇರಿನ ಹಿಡಿಗೆ ಕೈ ಹಾಕಿದರು.

"ಮುಟ್ಬೇಡಿ ಸಾರ್."

"ಅಯ್ಯೋ, ಈಚೆಗೆ ಬಿಡ್ತೀನಮ್ಮ."

"ನನ್ನನ್ನ ಎತ್ತೋದು ಬೇಡ. ಕಲ್ಲು ಎತ್ತಿಸಿ."

ಬಿಸಿಲೇರಿತು. ಜನ ಸೇರಿದರು. ಕೆಲವರು ಹಟಮಾರಿ ಅಂದರು, ಕೆಲವರು ಪಾಪ ಅಂದರು. ಪಾಪ ಅಂದವರ ಮುಖವನ್ನೇ ಅವಳು ದಿಟ್ಟಿಸಿ ನೋಡಿದಳು. ಭಯವೇನೋ ಇತ್ತು. ಎಲ್ಲರೂ ಹೀಗೇ ಬಿಟ್ಟು ಹೋದರೆ ತಾನೊಬ್ಬಳೇ ಇಲ್ಲಿಂದ ಕದಲಲಾರೆನೆಂದು ಅವಳಿಗೆ ಗೊತ್ತಿತ್ತು. ಆದರೂ ಬೆನ್ನು ಬಾಗಿಸಲಿಲ್ಲ.

ಜಯಕುಮಾರ್ ಅವಳ ತಾಯಿ ದುರ್ಗಮ್ಮನನ್ನು ಕರೆತಂದರು. "ನೀವಾದ್ರೂ ಮಗಳಿಗೆ ಬುದ್ಧಿ ಹೇಳಿ."

ದುರ್ಗಮ್ಮ ಮಗಳ ತಲೆಗೆ ಸೆರಗು ಅಡ್ಡ ಹಿಡಿದು ನಿಂತರು. "ಇವಳಪ್ಪನೂ ಭದ್ರಾವತೀಲಿ ಮುಷ್ಕರ ಅಂತ ಕಾರ್ಖಾನೆ ಗೇಟಿನ ಮುಂದೆ ಹೀಗೇ ಕೂತಿದ್ರು. ಆಗ್ಲೂ ಜನ ನಂಗೆ, ಗಂಡನಿಗೆ ಬುದ್ಧಿ ಹೇಳಿ ಅಂತಾನೇ ಅಂದಿದ್ರು. ಅವರಿಗೆ ಬುತ್ತಿ ತಗೊಂಡು ಹೋಗಿ ಕೊಟ್ಟೆ ಅಷ್ಟೇ."

ಅಷ್ಟರಲ್ಲಿ ಜಯಕುಮಾರ್ ಹೆಂಡತಿ ವೀಣಾ ಮಜ್ಜಿಗೆ ಲೋಟ ಹಿಡಿದು ಗೇಟಿನೊಳಗೆ ಬಂದರು. ಮಂಡಿನೋವಿನ ಹೆಂಗಸು. ಕಲ್ಲು ಕಾಲಡಿ ಜಾರಿ, ಮಜ್ಜಿಗೆ ಅರ್ಧ ಚೆಲ್ಲಿ, ದುರ್ಗಮ್ಮನ ಭುಜ ಹಿಡಿದು ನಿಂತುಕೊಂಡರು.

"ರೀ, ಇದರ ಮೇಲೆ ನಾನು ವಾಕಿಂಗ್ ಮಾಡಬೇಕಾ?" ಎಂದು ಗಂಡನನ್ನು ಕೇಳಿದರು.

ಜಯಕುಮಾರ್ ಸ್ವಲ್ಪ ಹೊತ್ತು ಟಿಪ್ಪರ್ ಕಡೆ, ಸ್ವಲ್ಪ ಹೊತ್ತು ಹೆಂಡತಿಯ ಕಡೆ ನೋಡಿದರು.

"ನಂಗೆ ಯಾವುದಾದ್ರೂ ಒಂದೇ ಸಾರ್," ಎಂದ ಸುಬ್ಬಪ್ಪ. "ಈ ಕಲ್ಲು ಬೇರೆ ಕಡೆ ಇಳಿಸ್ತೀನಿ. ಮಣ್ಣು ಬೇಕಂದ್ರೆ ನಾಳೆ ಭದ್ರಾವತಿಯಿಂದ ತರ್ತೀನಿ. ಎಷ್ಟು ಬೇಕು?"

"ನಾಲ್ಕು ಯೂನಿಟ್," ಎಂದಳು ಶ್ರೀಗೌರಿ. ಜಯಕುಮಾರ್ ಹೂಂ ಎಂದು ಆಳುಗಳತ್ತ ಕೈಬೀಸಿದರು. ಆಳುಗಳು ಅವಳ ಗಾಲಿಯ ಮುಂದಿನ ಕಲ್ಲು ಬಾಚಿ ದಾರಿ ಬಿಟ್ಟ ಮೇಲೆ ತಾನೇ ತಳ್ಳಿಕೊಂಡು ಹೊರಬಂದಳು.

ಹರಡಿದ್ದ ಕಲ್ಲು ಗಿಡಗಳ ಬುಡ ಸೇರಿತು. ಮಣ್ಣು ಬಂತು, ರೋಲರ್ ಓಡಿತು. ಓಡಿದಂತೆಲ್ಲ ಮಣ್ಣು ಕೆಳಗಿಳಿಯಿತು. ನಾಲ್ಕಿಂಚು ಉಳಿಸಿಕೊಳ್ಳಲು ಮುಂದಕ್ಕೆ ಹಾಕಬೇಕಿದ್ದ ಮಣ್ಣನ್ನು ಹಿಂದಕ್ಕೆ ಎಳೆಯುತ್ತಾ ಹೋದರು. ಕೊನೆಗೆ ದಾರಿ ಪೂರ್ತಿ ಸುತ್ತು ಬರಲೇ ಇಲ್ಲ. ಸುಮಾರು ಐವತ್ತು ಅಡಿ ಬರಿ ನೆಲ ಉಳಿಯಿತು.

ಜಯಕುಮಾರ್ ಮುಖದಲ್ಲಿ ಅಂದು ಮೊದಲ ಬಾರಿಗೆ ಗೆಲುವು ಕಂಡಿತು. "ನಿನ್ನ ಲೆಕ್ಕ ತಪ್ತಲ್ಲಮ್ಮ."

"ತಪ್ಪಿದೆ ಸಾರ್. ರೋಲರ್ ಹೊಡೆದ್ರೆ ಮಣ್ಣು ಇಷ್ಟು ಕುಗ್ಗುತ್ತೆ ಅಂತ ನಂಗೆ ಹೊಳೀಲಿಲ್ಲ. ಇನ್ನೊಂದು ಯೂನಿಟ್ ಬೇಕು."

"ಬೆಂಚಿನವರೆಗೂ ಆಗಿದೆಯಲ್ಲ. ಅಷ್ಟು ಸಾಲ್ದಾ?"

"ಬೆಂಚು ನಿಮಗೆ ಸಾರ್. ಕೂರೋದು ಮೂರು ವರ್ಷದಿಂದ ಕೂತೇ ಇದೀನಿ. ನಂಗೆ ಬೇಕಾಗಿರೋದು ಪೂರ್ತಿ ಸುತ್ತು."

ಜಯಕುಮಾರ್ ಜೇಬಿನಿಂದ ಫೋನ್ ತೆಗೆದು ಸುಬ್ಬಪ್ಪನ ನಂಬರ್ ಹುಡುಕತೊಡಗಿದರು. ಶ್ರೀಗೌರಿ ಕಾಯುತ್ತಾ ನಿಲ್ಲಲಿಲ್ಲ. ಚೇರು ತಿರುಗಿಸಿ, ಇನ್ನೂ ಹಸಿಯಾಗಿದ್ದ ಕೆಂಪು ದಾರಿಯಲ್ಲಿ ಗೇಟಿನತ್ತ ಜೋರಾಗಿ ಹೊರಟಳು.