ತೂತು ಬಿದ್ದ ನಾಲ್ಕಾಣೆ

2005ರ ಹೊತ್ತಿಗೆ ಮಹಾಲಕ್ಷ್ಮಿ ಲೇಔಟಿನ ಅಂಗಡಿಯವರು ನಾಲ್ಕಾಣೆ ನಾಣ್ಯವನ್ನು ಮುಟ್ಟುತ್ತಿರಲಿಲ್ಲ. ಹೂವು ಮಾರುವ ಚಿಕ್ಕಗಂಗಮ್ಮ ಮಾತ್ರ, ಬೇಡವೆಂದರೆ ಗಿರಾಕಿ ತಪ್ಪೀತೆಂದು ತೆಗೆದುಕೊಳ್ಳುತ್ತಿದ್ದಳು. ತುಂಬಿದ ಡಬ್ಬಿ ಕಂಡು ಗಂಡ ಬೆಟ್ಟಯ್ಯ ರೇಗಿದ.

“ಇದನ್ನ ಯಾರೇ ತಗೋತಾರೆ? ಬಿಸಾಕು!”

ಗೇಟು ರಿಪೇರಿ ಅವನ ಕಸುಬು. ಬಿಸಾಡುವ ಮುನ್ನ ಏನೋ ಹೊಳೆದು, ಒಂದು ನಾಣ್ಯಕ್ಕೆ ತೂತು ಕೊರೆದು ಬೋಲ್ಟಿಗೆ ಹಾಕಿದ. ಅಚ್ಚುಕಟ್ಟಾದ ವಾಷರ್! ಗಿರಾಕಿ ಅದಕ್ಕೆ ಮರುಮಾತಿಲ್ಲದೆ ಒಂದು ರೂಪಾಯಿ ಕೊಟ್ಟ.

ಮರುದಿನದಿಂದ ಚಿಕ್ಕಗಂಗಮ್ಮ, “ನಾಲ್ಕಾಣೆ ಇದ್ರೆ ಅದನ್ನೇ ಕೊಡಿ ಅಕ್ಕಾ,” ಎಂದು ಕೇಳಿ ಪಡೆಯತೊಡಗಿದಳು.

“ಸರ್ಕಾರದ ದುಡ್ಡಿಗೆ ಮರ್ಯಾದೆ ಕೊಡೋಳು ನೀನೊಬ್ಳೇ ಕಣಮ್ಮ,” ಎಂದು ಹೆಂಗಸರು ಹೊಗಳಿದರು.

ವರ್ಷ ಕಳೆಯುವಷ್ಟರಲ್ಲಿ ಆ ಬೀದಿಗಳಲ್ಲಿ ಹುಡುಕಿದರೂ ಒಂದು ನಾಲ್ಕಾಣೆ ಸಿಗುತ್ತಿರಲಿಲ್ಲ. ಗೇಟುಗಳೆಲ್ಲ ಭದ್ರವಾಗಿದ್ದವು.