ಹಾಡಿನ ಕಡೆಯ ಹೆಸರು

ಕಂಪ್ಯೂಟರಿನಲ್ಲಿ ತಾಳ ಕೂಡಿಸಿಕೊಂಡು ರ‍್ಯಾಪ್ ಹಾಡುವವರನ್ನು ಕಂಡರೆ ಆಗ ನನಗೆ ಮೈ ಉರಿಯುತ್ತಿತ್ತು. ಪುಣೆಯ ಗ್ಯಾರೇಜಿನಲ್ಲಿ ಐದು ವರ್ಷ ಪಾನಾ ಹಿಡಿದು ನಟ್ಟು ಬಿಗಿದವನ ಸೊಕ್ಕು. 2005ರಲ್ಲಿ ಎಂಟು ಹಾಡು ಬರೆದುಕೊಂಡು ನಮ್ಮೂರು ತಿಕೋಂಡಿಗೆ ಬಂದಾಗ ಒಂದೇ ಹಟ ಹಿಡಿದಿದ್ದೆ: ನನ್ನ ಹಾಡಿಗೆ ನಿಜವಾದ ಡೊಳ್ಳು ಬೇಕು, ನಿಜವಾದ ಕೈ ಬೇಕು.

ಎಂಟೂ ಹಾಡು ಒಬ್ಬನನ್ನೇ ಬೈಯುವಂಥವು. ಊರಾಚೆ ಕಲ್ಲು ಒಡೆದು ಖಡಿ-ಜಲ್ಲಿ ಮಾಡುವ ಮಷಿನ್ ಇಟ್ಟವನನ್ನು. ನಮ್ಮ ಅಬ್ಬಾ ಸರದಾರ ಅಲ್ಲಿ ಹನ್ನೆರಡು ವರ್ಷ ಕಲ್ಲಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತ. "ಬೀಡಿ ಸೇದಿ ಸತ್ತ" ಎಂದು ಮಾಲಕ ಚಹಾದಂಗಡಿಯಲ್ಲಿ ಕೂತು ಹೇಳಿದನಂತೆ. ಅಬ್ಬಾ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆ ಮಾತು ಕೇಳಿದ ದಿನವೇ ಬರೆಯಲು ಕೂತಿದ್ದೆ. ಮಾಲಕನ ಹೆಸರು, ಅವನ ಜೀಪಿನ ನಂಬರು, ಅವನ ಅಪ್ಪ, ಅಜ್ಜ, ಯಾರನ್ನೂ ನಾನು ಬಿಟ್ಟಿರಲಿಲ್ಲ.

ಬೀರದೇವರ ಗುಡಿಯಲ್ಲಿ ಡೊಳ್ಳು ಬಾರಿಸುತ್ತಿದ್ದ ಭೀಮರಾಯ ಕಾಕಾ ಅಬ್ಬಾನ ಗೆಳೆಯ. ಕುರಿ ಕಾಯುವ ಮನುಷ್ಯ, ಮಾತು ಕಡಿಮೆ. ಹಾಡು ಓದಿ ಹೇಳಿದೆ.

"ಭಾಳ ಬೈದಿಯಲ್ಲೋ ಸೋಹೇಲ" ಎಂದ. ಆಮೇಲೆ, "ಬೈ. ನಿಮ್ಮಪ್ಪಗ ಬೈಯಾಕ ಬರ್ತಿರ್ಲಿಲ್ಲ."

ವಿಜಾಪುರದ ಸ್ಟುಡಿಯೋದವನು ಡೊಳ್ಳು ನೋಡಿ ಮೈಕು ಒಡೆದೀತೆಂದು ಹೆದರಿದ. ಗೋಡೆಗೆಲ್ಲ ಕೌದಿ ಕಟ್ಟಿದೆವು, ಮೈಕನ್ನು ಮೂಲೆಗೆ ಸರಿಸಿದೆವು. ಕಾಕಾ ಬಲಗೈಯಲ್ಲಿ ಕೋಲು ಹಿಡಿದು ಒಂದೇ ಏಟು ಹಾಕಿದ. ಕಿಟಕಿಯ ಗಾಜು ನಡುಗಿತು. ಅಲ್ಲಿಂದ ಎರಡು ದಿನ, ಅವನ ಏಟಿಗೆ ನನ್ನ ಬಾಯಿಂದ ಬೈಗುಳ ತಾನಾಗಿ ಉದುರುತ್ತ ಹೋಯಿತು. ಅಷ್ಟು ಸುಖ ನಾನು ಮತ್ತೆ ಕಂಡಿಲ್ಲ.

ಡೊಳ್ಳಿನ ಹಾಡಿನ ಕಡೆಗೆ ಊರಿನ ಹೆಸರು, ಗುರುವಿನ ಹೆಸರು ಹೇಳಲೇಬೇಕು. ಹೇಳದಿದ್ದರೆ ಹಾಡು ಮುಗಿದಂತಲ್ಲ. ನನ್ನದು ರ‍್ಯಾಪ್ ಆದರೂ ಡೊಳ್ಳಿನದೇ ಅಲ್ಲವೇ? ಎಂಟೂ ಹಾಡಿನ ಕಡೆಗೆ "ತಿಕೋಂಡಿ ಊರು, ಗುರು ಭೀಮರಾಯ" ಎಂದೆ.

ಮೊದಲ ಸಲ ಕೇಳಿದಾಗ ಕಾಕಾನ ಕೋಲು ನಿಂತಿತು. "ನನ್ನ ಹೆಸರಾ? ನಾ ಏನ್ ಕಲಿಸೀನೋ ನಿನಗ?"

"ತಾಳ ನಿಮ್ದಲ್ಲೇನ್ರಿ ಕಾಕಾ?"

ನಲವತ್ತು ವರ್ಷ ಬೇರೆಯವರ ಹಾಡಿಗೆ ಡೊಳ್ಳು ಬಾರಿಸಿದವನು. ಅವನ ಹೆಸರನ್ನು ಯಾರೂ ಹಾಡಿನಲ್ಲಿ ತಂದಿರಲಿಲ್ಲ. ಟವೆಲ್ಲಿನ ಚುಂಗಿನಿಂದ ಕಣ್ಣೊರೆಸಿಕೊಂಡ.

ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ರ‍್ಯಾಪ್ ಹಾಡುವವರು ಬೇರೊಂದು ಹೆಸರು ಇಟ್ಟುಕೊಳ್ಳುತ್ತಾರೆ. ಸಿಡಿಯ ಮೇಲೆ ಕೆಂಪು ಅಕ್ಷರದಲ್ಲಿ 'ಖಡಿ' ಎಂದು ಹಾಕಿಸಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡಿದ್ದೆ. ಶೋಕಿ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು. ಹೆದರಿದ್ದೆ.

ತಿಂಗಳೊಳಗೆ ಜತ್ತ ಕಡೆಯ ಟೆಂಪೊಗಳಲ್ಲಿ, ಕಟಿಂಗ್ ಅಂಗಡಿಗಳಲ್ಲಿ ಹಾಡು ಹಬ್ಬಿತು. ನಾನು ಪುಣೆಯಲ್ಲಿ ಕೂತು ಬೀಗುತ್ತಿದ್ದೆ. ಒಂದು ಮಧ್ಯಾಹ್ನ ಕಾಕಾನ ಹೆಂಡತಿ ಕಾಳವ್ವ ಗ್ಯಾರೇಜಿಗೆ ಫೋನು ಮಾಡಿದಳು.

"ಜೀಪಿನಾಗ ನಾಕ ಮಂದಿ ಬಂದಿದ್ರಪಾ. ಹಾಡಿದಾಂವ ಯಾರು ಹೇಳಂದ್ರು. 'ಅದರಾಗ ನನ್ನ ಹೆಸರೈತಲ್ರಿ, ನಾನ ಹಾಡೀನಿ' ಅಂದ್ರು ಇವ್ರು. ಬಲಗೈ ಕಲ್ಲಿನ ಮ್ಯಾಲಿಟ್ಟು ಜಜ್ಜಿ ಹೋದ್ರು."

ಮಿರಜದ ದವಾಖಾನೆಗೆ ಹೋಗುವ ಬಸ್ಸಿನಲ್ಲಿ ನಾನು ಒಂದೇ ಮಾತನ್ನು ಬಾಯಿಪಾಠ ಮಾಡಿದೆ: ಹಾಡಿದ್ದು ನಾನು, ಸರದಾರನ ಮಗ ಸೋಹೇಲ. ಇಷ್ಟನ್ನು ಪೊಲೀಸರ ಮುಂದೆ ಹೇಳಿಬಿಟ್ಟರೆ ಅಬ್ಬಾನ ಮಗ ಎನಿಸಿಕೊಳ್ಳುವ ಯೋಗ್ಯತೆಯಾದರೂ ಉಳಿಯುತ್ತದೆ ಎಂದುಕೊಂಡೆ.

ಕಾಕಾನ ಮೂರು ಬೆರಳು ತೆಗೆದಿದ್ದರು. ನಾನು ಖಾಟದ ಅಂಚಿಗೆ ಕೂತೆ. ಮಾತಾಡುವುದರೊಳಗೆ ಹವಾಲ್ದಾರ ಕಾಕಾನ ಜಬಾಬ ಬರೆದುಕೊಳ್ಳಲು ಬಂದ.

"ಈ ಖಡಿ ಅನ್ನಾಂವ ಯಾರು? ಮಾಲಕರು ಅವನ ಮ್ಯಾಲೆ ಕೇಸ್ ಹಾಕ್ಯಾರ. ಅವರ ಮಂದೀನೂ ಹುಡುಕಾಕ ಹತ್ತೇತಿ."

"ನಾನ ಹಾಡಿದ್ದು" ಎಂದ ಕಾಕಾ.

ಹವಾಲ್ದಾರ ನಕ್ಕ. "ಮುದುಕಾ, ಅದು ಹರೇದ ಹುಡುಗನ ದನಿ." ಅವನ ಕಣ್ಣು ನನ್ನ ಮೇಲೆ ಬಿತ್ತು. "ಇಂವ ಯಾರು?"

ಕಾಳವ್ವ ನನ್ನ ಕಡೆ ನೋಡಿದಳು. ಕಾಕಾನೂ ನೋಡಿದ. ಮೈಕಿನ ಮುಂದೆ ಒಬ್ಬನ ವಂಶವನ್ನೇ ಜಾಲಾಡಿದ ಬಾಯಿ ನನ್ನದು, ಅದರಿಂದ ಮೂರಕ್ಷರದ ಹೆಸರು ಹೊರಡಲಿಲ್ಲ. ಕಾಕಾ ಸಾಕಷ್ಟು ಹೊತ್ತು ಕಾದ. ನನಗೆ ಬೇಕಾದಷ್ಟು ಹೊತ್ತು ಕೊಟ್ಟ. ಆಮೇಲೆ ತಾನೇ ಹೇಳಿದ.

"ಗೊತ್ತಿಲ್ರಿ ಸಾಹೇಬ್ರ. ಬಾಜೂ ಖಾಟದವರನ್ನ ನೋಡಾಕ ಬಂದಿರಬೇಕು."

ನಾನು ಎದ್ದು ಬಾಜೂ ಖಾಟಕ್ಕೆ ಹೋದೆ. ಗುರುತಿಲ್ಲದ ಯಾವನೋ ಮುದುಕ ಅಲ್ಲಿ ನಿದ್ದೆ ಹೋಗಿದ್ದ. ಹವಾಲ್ದಾರ ಬರೆದು ಮುಗಿಸುವವರೆಗೂ ಅವನ ಹೊದಿಕೆ ಸರಿಮಾಡುತ್ತ ನಿಂತಿದ್ದೆ.