ಕುಸುಬಿಯ ಹಾಲುಹಲ್ಲು

ಯರಗುಪ್ಪಿಯ ಈರಬಸಪ್ಪ ಕುಸುಬಿ ಹೊಲದ ಬದುವಿನಲ್ಲಿ ಸಿಕ್ಕ ನಾಯಿಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದಾಗ ಅದಕ್ಕೆ ತಿಂಗಳು ತುಂಬಿತ್ತೋ ಇಲ್ಲವೋ. ತಾಯಿ ಎಲ್ಲಿ ಹೋಯಿತು, ಜೊತೆಯ ಮರಿಗಳು ಏನಾದವು ಅನ್ನುವುದು ಎರಡು ದಿನ ಹುಡುಕಿದರೂ ಗೊತ್ತಾಗಲಿಲ್ಲ. ಸಿಕ್ಕ ಹೊಲದ ಹೆಸರೇ ಮರಿಯ ಹೆಸರಾಯಿತು.

ಈರಬಸಪ್ಪನ ಹೆಂಡತಿ ಸಾವಿತ್ರೆವ್ವ ಮೊದಲ ವಾರ ಬತ್ತಿಯಿಂದ ಹಾಲು ಕುಡಿಸಿದಳು, ಮೂರನೇ ವಾರ ಬೈಯತೊಡಗಿದಳು. ಕುಸುಬಿ ಕಂಡದ್ದನ್ನೆಲ್ಲ ಕಡಿಯುತ್ತಿತ್ತು. ಸೀರೆಯ ಸೆರಗು, ಚಾಪೆಯ ಅಂಚು, ರೊಟ್ಟಿ ಬಡಿಯಲು ಕೂತವಳ ಹಿಮ್ಮಡಿ. ಸಿಟ್ಟಿನ ಕಡಿತವಲ್ಲ, ಬಾಲ ಅಲ್ಲಾಡಿಸುತ್ತಲೇ ಕಡಿಯುತ್ತಿತ್ತು. ಆದರೆ ಹಲ್ಲು ಸೂಜಿಯಂಥವು. ಒಂದೆರಡು ಸಲ ಸಾವಿತ್ರೆವ್ವ ಮೂತಿಗೆ ಏಟು ಹಾಕಿದಳು. ಮರಿ ಅದನ್ನೂ ಆಟವೆಂದು ತಿಳಿದು ಮತ್ತಷ್ಟು ಜೋರಾಗಿ ಮೈಮೇಲೆ ಬಿತ್ತು.

ಮರಿಯ ಮೇಲೆ ದೂರು ಹೇಳದವನು ಈರಬಸಪ್ಪ ಒಬ್ಬನೇ. ಸಂಜೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಕುಸುಬಿ ಅವನ ಹೆಬ್ಬೆರಳನ್ನು ಬಾಯಲ್ಲಿ ಹಿಡಿದುಕೊಂಡೇ ಮಲಗುತ್ತಿತ್ತು.

"ನನಗ ಮೆತ್ತಗ ಕಡೀತೈತಿ ನೋಡು. ನಿಮಗಷ್ಟ ಯಾಕ ನೋವಾಗತೈತೋ," ಅನ್ನುತ್ತಿದ್ದ. ಆ ಮಾತಿನಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಒಂದು ಸಂಜೆ ಸೊಸೆ ಶೈಲಶ್ರೀ ಚಹಾ ತಂದು ಕೊಡುವಾಗ ಕಟ್ಟೆಯ ಕಲ್ಲಿನ ಮೇಲೆ ರಕ್ತ ಕಂಡಳು. ಮಾವನ ಎಡಗಾಲಿನ ಹೆಬ್ಬೆರಳು ಹರಿದಿತ್ತು. ಆತ ಫೋನಿನಲ್ಲಿ ಯಾರಿಗೋ ಹತ್ತಿ ಬಿಡಿಸುವ ವಿಷಯ ಹೇಳುತ್ತ ನಗುತ್ತಿದ್ದ. ಮರಿ ಇನ್ನೂ ಬೆರಳನ್ನು ಬಿಟ್ಟಿರಲಿಲ್ಲ.

"ಮಾವಾರ, ನಿಮ್ಮ ಕಾಲು ನೋಡ್ರಿ."

ಈರಬಸಪ್ಪ ನೋಡಿದ, ಬೇರೆ ಯಾರದೋ ಕಾಲು ನೋಡುವ ಹಾಗೆ.

ಶೈಲಶ್ರೀ ಅವನನ್ನು ನಳದ ಕೆಳಗೆ ಕೂರಿಸಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದಳು. ಸಾವಿತ್ರೆವ್ವ ಮರಿಯನ್ನು ಕತ್ತು ಹಿಡಿದು ಎತ್ತಿ, "ನಾಳೆ ಇದನ್ನ ಸಿಕ್ಕಲ್ಲೇ ಬಿಟ್ಟ ಬರ್ರಿ," ಅಂದಳು. ಶೈಲಶ್ರೀ ಮಾತ್ರ ಮರಿಯ ಸುದ್ದಿ ಎತ್ತಲಿಲ್ಲ.

"ನಿಮಗ ಗೊತ್ತ ಆಗ್ಲಿಲ್ಲೇನ್ರಿ?"

ಈರಬಸಪ್ಪ ಟವೆಲ್ಲಿನಿಂದ ಕಾಲು ಒರೆಸಿಕೊಂಡ. ಆಮೇಲೆ ತಲೆ ತಗ್ಗಿಸಿಯೇ ಹೇಳಿದ. "ದೀಪಾವಳಿಯಿಂದ ಹಿಂಗ ಆಗೇತಿ. ಹತ್ತಿ ಅರಳಿ ಮ್ಯಾಲ ನಡದಂಗ ಆಗತೈತಿ. ನನ್ನಂಗ ಸಕ್ಕರಿ ಬ್ಯಾನಿ ಇದ್ದವರಿಗೆ ಕಾಲು ಹಿಂಗ ಆಗತಾವು ಅಂತ ಕೇಳಿದ್ದೆ. ಹೇಳಿದ್ರ ಹೊಲಕ್ಕ ಬಿಡೂದಿಲ್ಲ ನೀವು."

ಸಾವಿತ್ರೆವ್ವ ಮರಿಯನ್ನು ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾಯಿ ಕಡಿತದ ಚುಚ್ಚುಮದ್ದು ಶುರುವಾಯಿತು. ವೈದ್ಯರು ತೆಳ್ಳನೆಯ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸುತ್ತ ಎಲ್ಲೆಲ್ಲಿ ಗೊತ್ತಾಗುತ್ತದೆ ಎಂದು ಕೇಳಿದರು. ಹೆಚ್ಚಿನ ಕಡೆ ಗೊತ್ತಾಗಲಿಲ್ಲ. ಗಾಯ ಚಿಕ್ಕದು, ಬೇಗ ಬಂದದ್ದು ಒಳ್ಳೆಯದಾಯಿತು, ಇನ್ನು ಬರಿಗಾಲಲ್ಲಿ ಓಡಾಡಬಾರದು, ದಿನಾ ಅಂಗಾಲು ನೋಡಿಕೊಳ್ಳಬೇಕು ಅಂದರು.

ಹೊಲಕ್ಕೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಅದು ಈರಬಸಪ್ಪನಿಗೆ ಆಶ್ಚರ್ಯವೇ ಆಯಿತು.

ಸಂಜೆ ಮೂವರೂ ಮರಿಯನ್ನು ಎತ್ತಿಕೊಂಡು ಊರಿನ ಪಶು ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿನ ಪಶು ಪರೀಕ್ಷಕಿ ಮಲ್ಲಿಕಾ ಅದೇ ಊರಿನ ಹುಚ್ಚಪ್ಪನ ಮಗಳು. ಆಕೆ ನಡೆದದ್ದನ್ನೆಲ್ಲ ಕೇಳಿಕೊಂಡು, ಕುಸುಬಿಯ ಬಾಯಿ ತೆರೆದು ನೋಡಿ ಬೆರಳು ಕೊಟ್ಟಳು. ಹಲ್ಲು ಒತ್ತಿದ ಕೂಡಲೇ "ಆವ್" ಎಂದು ಕೈ ಸಡಿಲ ಬಿಟ್ಟು, ಮುಖ ತಿರುಗಿಸಿ ಕೂತಳು. ಮರಿ ಬೆರಳು ಬಿಟ್ಟು ಪಿಳಿಪಿಳಿ ನೋಡಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡಿಸಿದಳು.

"ಮರಿ ಅಂದಮ್ಯಾಲ ಬಾಯಿಂದನ ಎಲ್ಲಾ ತಿಳ್ಕೋತೈತ್ರಿ," ಅಂದಳು. "ಜೋಡಿ ಮರಿ ಇದ್ದಿದ್ರ, ಜೋರ ಕಡದಾಗ ಅವು ಕುಂಯ್ ಅಂದು ಆಟ ಬಿಡ್ತಿದ್ವು. ಇಷ್ಟ ಕಡದ್ರ ನೋವಾಗತೈತಿ ಅಂತ ಹಂಗ ಕಲೀತಾವು. ಇದಕ್ಕ ಯಾರೂ ಇಲ್ಲ. ನೀವ ಕಲಿಸಬೇಕು. ಹೊಡೀಬ್ಯಾಡ್ರಿ, ಕೈ ಎಳಕೊಂಡು ಓಡಬ್ಯಾಡ್ರಿ. ಆಟ ನಿಂದರ್ಸ್ರಿ, ಕಡ್ಯಾಕ ಬ್ಯಾರೆ ಏನರ ಕೊಡ್ರಿ." ಆಮೇಲೆ ಈರಬಸಪ್ಪನ ಕಡೆ ತಿರುಗಿದಳು. "ಕಾಕಾ, ನೀವು ಒಂದ ಸಲಾನೂ ನೋವಾತು ಅಂತ ಹೇಳಿಲ್ಲ. ಅದಕ್ಕ ಹೆಂಗ ಗೊತ್ತಾಗಬೇಕ್ರಿ?"

"ನಮಗೂ ಹೇಳಿಲ್ಲವ್ವಾ," ಅಂದಳು ಸಾವಿತ್ರೆವ್ವ.

ಜಂತುಹುಳದ ಔಷಧ ಹಾಕಿಸಿಕೊಂಡು, ಮೂರು ತಿಂಗಳು ತುಂಬಿದಾಗ ಲಸಿಕೆಗೆ ಬರುವುದಾಗಿ ಹೇಳಿ ಮನೆಗೆ ಬಂದರು.

ಸಾವಿತ್ರೆವ್ವ ಹಳೆಯ ಧೋತರ ಹರಿದು ಗಂಟು ಹಾಕಿ, ನೀರಿನಲ್ಲಿ ಅದ್ದಿ ಕೊಟ್ಟಳು. ಒಸಡು ತುರಿಸುವಾಗ ಮರಿ ಅದನ್ನು ಗಂಟೆಗಟ್ಟಲೆ ಅಗಿಯುತ್ತಿತ್ತು. ಕಷ್ಟವಾದದ್ದು ಈರಬಸಪ್ಪನಿಗೆ. ನೋವು ತಿಳಿಯದ ಕಾಲನ್ನು ಕಣ್ಣಿನಿಂದ ಕಾಯಬೇಕಿತ್ತು. ಹಲ್ಲು ತಾಗಿದ್ದು ಕಂಡೊಡನೆ ಆವ್ ಅನ್ನಬೇಕಿತ್ತು. ಅರವತ್ತು ದಾಟಿದ ಮನುಷ್ಯನಿಗೆ ಕಟ್ಟೆಯ ಮೇಲೆ ಕೂತು ಹಾಗೆ ಕೂಗಲು ನಾಚಿಕೆ. ಮೊದಲ ದಿನ ಅದು ಆಕಳಿಕೆಯಂತೆ ಕೇಳಿಸಿತು. ಕುಸುಬಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಶೈಲಶ್ರೀ ಒಳಗೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಒಂದು ವಾರದಲ್ಲಿ ದನಿ ಸರಿಹೋಯಿತು. ಎದ್ದು ಬೆನ್ನು ತಿರುಗಿಸಿ ನಿಲ್ಲುವುದನ್ನೂ ಕಲಿತ. ಆಟ ನಿಂತದ್ದು ಮರಿಗೆ ಏಟಿಗಿಂತ ದೊಡ್ಡ ಶಿಕ್ಷೆಯಾಯಿತು. ನಡುವೆ ಒಂದು ದಿನ ವೈದ್ಯರು ಹೇಳಿ ತರಿಸಿದ ಮೆತ್ತನೆಯ ಚಪ್ಪಲಿಯ ಅಂಚನ್ನು ಅಗಿದುಬಿಟ್ಟಿತು. ಅವತ್ತು ಸಾವಿತ್ರೆವ್ವನೇ ಅದರ ಪರ ವಹಿಸಿದಳು. "ನೀವ ಕೆಳಗ ಬಿಟ್ಟೀರಿ, ಅದರದೇನು ತಪ್ಪು?"

ಬೇಸಿಗೆಯ ಹೊತ್ತಿಗೆ ಗಾಯ ಮಾಯ್ದಿತ್ತು, ಲಸಿಕೆಯೂ ಆಗಿತ್ತು. ಚಾಪೆ ಝಾಡಿಸುವಾಗ ಶೈಲಶ್ರೀಗೆ ಅಕ್ಕಿಕಾಳಿನಷ್ಟು ಹಲ್ಲೊಂದು ಸಿಕ್ಕಿತು. ಹಾಲುಹಲ್ಲು ಬಿದ್ದ ಮೇಲೆ ಕುಸುಬಿ ಕೈಯನ್ನು ಬಾಯಲ್ಲಿ ಹಿಡಿದರೂ ಹಲ್ಲು ಊರುತ್ತಿರಲಿಲ್ಲ.

ದಿನಾ ಬೆಳಗಿನ ಬಿಸಿಲಿಗೆ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡುವುದು ಸಾವಿತ್ರೆವ್ವನಿಗೆ ರೂಢಿಯಾಯಿತು. ಒಂದು ದಿನ ಚಪ್ಪಲಿ ತೂರಿ ಬಂದ ಜಾಲಿಮುಳ್ಳಿನ ತುದಿ ಅಂಗಾಲಲ್ಲಿ ಕಂಡಿತು. ಚಿಮಟದಿಂದ ಮೆಲ್ಲಗೆ ಎಳೆದಳು.

"ಗೊತ್ತಾತೇನ್ರಿ?"

"ಇಲ್ಲ," ಅಂದ ಈರಬಸಪ್ಪ. "ಒಂಚೂರೂ ಗೊತ್ತಾಗ್ಲಿಲ್ಲ. ಆ ಕಾಲೂ ನೋಡು."

ಆಕೆ ಇನ್ನೊಂದು ಕಾಲು ಎತ್ತಿಕೊಂಡಳು. ಕುಸುಬಿ ಬಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಮಲಗಿತು.